ಪಿಳ್ಳಮ್ಮನ ಮನೆಗೆ ಹೋದ ಸೊಪ್ಪಿನ ಬುಟ್ಟಿ

ಆಗ ನಮ್ಮ ಕಡೆ ಜನರಿಗೂ ಹುಳಕ್ಕೂ ಒಂದೇ ಮನೆ. ನಡುಮನೆಯ ತುಂಬ ರೇಷ್ಮೆಹುಳದ ತಟ್ಟೆಗಳು, ಉಳಿದ ಮೂಲೆಯಲ್ಲಿ ನಮ್ಮ ಹಾಸಿಗೆ. ಜಂಗಮಕೋಟೆ ಸುತ್ತಮುತ್ತ ನನ್ನ ವಯಸ್ಸಿನವರನ್ನು ಯಾರನ್ನು ಬೇಕಾದರೂ ಕೇಳಿ, ಹುಳ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಕೇಳುತ್ತಲೇ ನಿದ್ದೆ ಹೋದವರು. ಹುಳ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದು ಗಬಗಬ ಮೇಯಲು ಶುರುಮಾಡಿತೆಂದರೆ ಹೊರಗಿನವರು ಹೊಸಿಲು ದಾಟುವಂತಿರಲಿಲ್ಲ. ಬೀಗರು ಬಂದರೂ ಜಗಲಿಯಲ್ಲೇ ಕಾಫಿ. ಯಾರ ಕಾಲಲ್ಲಿ ಯಾವ ರೋಗವೋ ಎಂಬ ಭಯ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ನಮ್ಮಪ್ಪ ಕಾದಂಬರಿ ಬರೆಯುತ್ತಿದ್ದರು. ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಊರವರ ಬಾಯಲ್ಲಿ ಅವರು ಕಾದಂಬ್ರಿ ನಾಣಪ್ಪ. ಸಂಜೆಯಾದರೆ ಯಾರದಾದರೂ ಜಗಲಿಯಲ್ಲಿ ಕೂತು ಅವರಿವರ ಕಷ್ಟಸುಖ ಕೇಳುವರು, ಬೆಳಿಗ್ಗೆ ಅದನ್ನೇ ಹೆಸರು ಬದಲಿಸಿ ಬರೆಯುವರು. ಜನಕ್ಕೂ ಅದು ಗೊತ್ತಿತ್ತು. ನಮ್ಮತ್ತೇನ ಇನ್ನೊಂಚೂರು ಸರಿಯಾಗಿ ಬೈಯಬೇಕಿತ್ತು ನಾಣಪ್ಪ ಎಂದು ಹೆಂಗಸರು ಬಂದು ತಕರಾರು ಮಾಡುತ್ತಿದ್ದರು.

ಇಂಥ ಮನುಷ್ಯನ ತಲೆಗೆ ರಾಜಕೀಯ ಹೊಕ್ಕಿದ್ದು ಒಬ್ಬ ಜಪಾನಿನವನಿಂದ. ನಮ್ಮ ಕಡೆ ಹುಳ ಸಾಕುವುದನ್ನು ನೋಡಲು ಬಂದಿದ್ದ ತಜ್ಞ ಆತ. ಅಮ್ಮ ಬಡಿಸಿದ ಮುದ್ದೆಯನ್ನು ಚಮಚದಲ್ಲಿ ಕತ್ತರಿಸಿ ತಿಂದ. ಅಪ್ಪ ಕಾದಂಬರಿ ಬರೆಯುತ್ತಾರೆಂದು ಗೊತ್ತಾದಾಗ, ತಮ್ಮ ದೇಶದಲ್ಲೂ ಒಬ್ಬ ಕಾದಂಬರಿಕಾರ ಚುನಾವಣೆಗೆ ನಿಂತು ಗೆದ್ದು ದೊಡ್ಡ ನಾಯಕನಾದ ಎಂದು ಜೊತೆಗಿದ್ದ ಅಧಿಕಾರಿಯ ಮೂಲಕ ಹೇಳಿದ. ಅಷ್ಟೇ ಸಾಕಾಯಿತು. ಅಪ್ಪ ಶಿಡ್ಲಘಟ್ಟಕ್ಕೆ ಹೋಗಿ ಆ ಲೇಖಕನ ಜೀವನದ ಬಗ್ಗೆ ಬಂದಿದ್ದ ಒಂದು ಹಳೇ ಲೇಖನ ಹುಡುಕಿ ತಂದರು. ಊಟಕ್ಕೆ ಕೂತಾಗಲೆಲ್ಲ ಅದೇ ಕಥೆ. ಸಣ್ಣ ವಯಸ್ಸಿಗೇ ಹೆಸರು ಮಾಡಿದನಂತೆ, ಪಾರ್ಲಿಮೆಂಟಿಗೆ ಹೋದಮೇಲೂ ಬರೆಯುವುದು ಬಿಡಲಿಲ್ಲವಂತೆ. ಅಮ್ಮ ಒಂದು ದಿನ ತಡೆಯಲಾರದೆ ಕೇಳಿದಳು: “ಆಯಪ್ಪ ಓಟು ಕೇಳಕ್ಕೆ ಹೋದಾಗ ಮನೇಲಿ ಹುಳ ಯಾರು ನೋಡ್ಕೊಂತಿದ್ರಂತೆ?”

ಆ ಚಳಿಗಾಲದಲ್ಲಿ ತಾಲ್ಲೂಕು ಪಂಚಾಯ್ತಿ ಚುನಾವಣೆ ಬಂತು. ಅಪ್ಪ ಪಕ್ಷೇತರರಾಗಿ ನಿಂತರು. ಊರೆಲ್ಲ ಅವರೆಕಾಯಿ ಸೊಗಡಿನ ವಾಸನೆ, ಬೆಳಿಗ್ಗೆ ಹತ್ತಾದರೂ ಬಿಡದ ಮಂಜು. ನನಗೆ ಹನ್ನೊಂದು ವರ್ಷ. ಅಪ್ಪ ಹುಳದ ಮನೆಗಳ ಮುಂದೆ ಹೊಸಿಲಾಚೆಯೇ ಕೈಮುಗಿದು ನಿಲ್ಲುತ್ತಿದ್ದರು. ಎದುರಾಳಿ ಕಡೆಯವರು ಮಾತ್ರ ದಂಡುಕಟ್ಟಿಕೊಂಡು ಚಪ್ಪಲಿ ಸಮೇತ ನಡುಮನೆಗೇ ನುಗ್ಗುವರು.

ಅಷ್ಟರಲ್ಲಿ ನಮ್ಮ ಹುಳಕ್ಕೇ ಸುಣ್ಣಕಟ್ಟು ರೋಗ ಬಂತು. ಸತ್ತ ಹುಳ ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ, ಅದರ ಪುಡಿ ತಗುಲಿದ ಕಡೆಯೆಲ್ಲ ರೋಗ. ಹಾಗೆ ಬಂದರೆ ಮೊದಲು ಅಕ್ಕಪಕ್ಕದವರಿಗೆ ಹೇಳಬೇಕು, ಅದು ನಮ್ಮಲ್ಲಿ ಕಟ್ಟುನಿಟ್ಟು. ಅಪ್ಪ ಹೇಳಲು ಹೊರಟೂ ಇದ್ದರು. ಚುನಾವಣೆಯ ಓಡಾಟ ನೋಡಿಕೊಳ್ಳುತ್ತಿದ್ದ ನನ್ನ ಸೋದರಮಾವ ತಡೆದ. ಮನೆಯ ಹುಳ ಉಳಿಸಿಕೊಳ್ಳದವನು ತಾಲ್ಲೂಕು ಏನು ಉಳಿಸುತ್ತಾನೆ ಎಂದು ಆಡಿಕೊಳ್ಳುತ್ತಾರೆ, ಓಟು ಮುಗಿಯಲಿ ಎಂದ. ಅಪ್ಪ ಮೆಟ್ಟಿದ್ದ ಚಪ್ಪಲಿ ಕಳಚಿಟ್ಟು, ಆಗಲಿ ಎಂದರು. ಅಮ್ಮ ಹಿತ್ತಲಲ್ಲಿ ಗುಂಡಿ ತೋಡಿ ಹುಳವನ್ನೆಲ್ಲ ಹೂತಳು. ನೀನು ಯಾರ ಮನೆಗೂ ಹೋಗಬೇಡ ಎಂದು ನನಗೆ ತಾಕೀತಾಯಿತು.

ಹೋಗದೆ ಇರುವ ಜಾತಿಯಲ್ಲ ನಾನು. ಪಕ್ಕದ ಬೀದಿಯ ಪಿಳ್ಳಮ್ಮನ ಮೊಮ್ಮಗಳು ಗಾಯತ್ರಿ ನನ್ನ ಜೀವದ ಗೆಳತಿ. ಗಂಡ ಸತ್ತಮೇಲೆ ಒಬ್ಬಳೇ ಹುಳ ಸಾಕಿ ಮನೆ ನಡೆಸಿದ ಗಟ್ಟಿ ಹೆಂಗಸು ಪಿಳ್ಳಮ್ಮ. ಅವಳು ಹೇಳಿದ ಕಡೆ ಬೀದಿಯ ನಲವತ್ತು ಮನೆ ಓಟು. ಅವಳ ಹುಳ ಹಣ್ಣಾಗಿ ಗೂಡು ಕಟ್ಟಲು ಐದಾರು ದಿನವಿತ್ತು, ತೋಟದಲ್ಲಿ ಸೊಪ್ಪು ಮುಗಿದಿತ್ತು. ಅಜ್ಜಿ ಸೊಪ್ಪಿಗಾಗಿ ಊರೂರು ಅಲೆಯುತ್ತಿದ್ದಾಳೆ ಎಂದು ಗಾಯತ್ರಿ ಸ್ಕೂಲಿನಲ್ಲಿ ಕಣ್ಣು ಒರೆಸಿಕೊಂಡಳು. ನಮ್ಮ ತೋಟದಲ್ಲಿ ತಿನ್ನುವ ಹುಳವಿಲ್ಲದೆ ಸೊಪ್ಪು ಹಾಗೇ ನಿಂತಿತ್ತು.

ನನಗೆ ನಾನೇ ದೊಡ್ಡ ರಾಜಕಾರಣಿಯಾಗಿಬಿಟ್ಟೆ. ಹುಳವಿದ್ದ ನಡುಮನೆಯ ಮೂಲೆಯಲ್ಲಿದ್ದ ಬುಟ್ಟಿ ಎತ್ತಿಕೊಂಡು ತೋಟಕ್ಕೆ ಹೋದೆ, ಕೈ ಉರಿಯುವವರೆಗೆ ಎಲೆ ಕಿತ್ತೆ, ತಲೆ ಮೇಲೆ ಹೊತ್ತು ಪಿಳ್ಳಮ್ಮನ ಬಾಗಿಲಿಗೆ ಇಳಿಸಿದೆ. ಯಾರು ಕೊಟ್ಟಿದ್ದು ಎಂದಳು. ಅಪ್ಪನಿಗೆ ಹೆಸರು ಬರಲಿ ಎಂದು, “ಅಪ್ಪ ಕಳಿಸಿದ್ರು ಅಜ್ಜಿ” ಎಂದೆ. ಅವಳು ನನ್ನ ಕೆನ್ನೆ ಸವರಿ, ಬುಟ್ಟಿಯನ್ನು ಹಾಗೇ ಒಳಗೆ ಒಯ್ದಳು. ಅಲ್ಲಿಂದ ಕುಪ್ಪಳಿಸುತ್ತಾ ಕುಣಿಯುತ್ತಾ ಮನೆಗೆ ಬಂದೆ.

ಓಟಿಗೆ ಎರಡು ದಿನವಿರುವಾಗ ಬೆಳಿಗ್ಗೆಯೇ ಸೋದರಮಾವ ಓಡಿಬಂದ. ಪಿಳ್ಳಮ್ಮನ ಹುಳವೆಲ್ಲ ಸುಣ್ಣಕಟ್ಟಿ ಹೋಯಿತಂತೆ. ಎದುರಾಳಿ ಕಡೆಯವರು ಚಪ್ಪಲಿಗಾಲಲ್ಲಿ ಒಳಗೆ ನುಗ್ಗಿದ್ದಕ್ಕೇ ಹೀಗಾಯಿತು ಎಂದು ಅವಳು ಬೀದಿಯಲ್ಲಿ ನಿಂತು ಅವರಿಗೆ ಶಾಪ ಹಾಕುತ್ತಾ ಹಿಡಿಹಿಡಿ ಮಣ್ಣು ತೂರುತ್ತಿದ್ದಾಳಂತೆ. ನಲವತ್ತು ಮನೆಯೂ ನಮ್ಮ ಕಡೆ, ಗೆದ್ದೆವು ಭಾವ ಎಂದು ಕೈ ಉಜ್ಜಿಕೊಂಡ. ನಾನು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿದೆ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಮಾವ ಆಚೆ ಹೋದಮೇಲೆ ಏನೆಂದು ಕೇಳಿದರು. ಬಿಕ್ಕುತ್ತಾ ಎಲ್ಲ ಹೇಳಿದೆ.

“ಯಾವ ಬುಟ್ಟಿ?” ಎಂದಷ್ಟೇ ಕೇಳಿದರು.

ಮೂಲೆಯ ಕಡೆ ಬೆರಳು ತೋರಿಸಿದೆ. ಅಪ್ಪ ಎದ್ದು ಅಂಗಿ ಹಾಕಿಕೊಂಡರು. ಜಗಲಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಮಾವ ಬಾಗಿಲಿಗೆ ಅಡ್ಡ ನಿಂತು ಏನೇನೋ ಹೇಳಿದ. ಈಗ ಹೇಳಿದರೆ ಸತ್ತ ಹುಳ ಎದ್ದು ಬರುತ್ತದಾ, ಎರಡು ದಿನ ಬಾಯಿ ಮುಚ್ಚಿಕೊಂಡಿರಿ ಎಂದು ಕೈ ಹಿಡಿದು ಬೇಡಿದ. ಒಂದು ಸಲ ಮುಚ್ಚಿಟ್ಟಿದ್ದಕ್ಕೇ ಇಷ್ಟಾಗಿದೆ ಎಂದು ಅಪ್ಪ ಅವನನ್ನು ಪಕ್ಕಕ್ಕೆ ಸರಿಸಿ ಹೊರಟರು. ನಾನು ಹಿಂದೆ ಹಿಂದೆ ನಡೆದೆ. ನನ್ನ ಮಗಳು ಗೊತ್ತಿಲ್ಲದೆ ಮಾಡಿದಳು ಎಂದು ಹೇಳುತ್ತಾರೆ, ಎಲ್ಲರೆದುರು ಬೈಸಿಕೊಳ್ಳಬೇಕು ಎಂದು ಹೆದರಿದ್ದೆ.

ಪಿಳ್ಳಮ್ಮ ಬಾಗಿಲಲ್ಲಿ ಕೂತಿದ್ದಳು, ಸುತ್ತ ಬೀದಿಯ ಜನ. ಅಪ್ಪ ಹೊಸಿಲಾಚೆ ನಿಂತರು. ಇದರಲ್ಲಿ ಎದುರಾಳಿ ಕಡೆಯವರ ತಪ್ಪಿಲ್ಲ, ನಮ್ಮ ಮನೆಯಲ್ಲಿ ರೋಗವಿತ್ತು, ಸೊಪ್ಪು ಬಂದಿದ್ದು ಅದೇ ಬುಟ್ಟಿಯಲ್ಲಿ ಎಂದರು.

“ಏಂ ನಾಣಪ್ಪ, ರೋಗ ಇದ್ದಿದ್ದು ನಿಂಗೆ ಗೊತ್ತಿತ್ತಾ?” ಪಿಳ್ಳಮ್ಮನ ದನಿ ಬಹಳ ಮೆತ್ತಗಿತ್ತು.

“ಗೊತ್ತಿತ್ತು.”

“ಗೊತ್ತಿದ್ದೂ ಸೊಪ್ಪು ಕಳಿಸಿದ್ಯಾ?”

ನಾನು ಅಪ್ಪನ ಹಿಂದೆ, ಅವರ ಅಂಗಿಯ ಚುಂಗು ಹಿಡಿದುಕೊಂಡು ನಿಂತಿದ್ದೆ. ಗಾಯತ್ರಿ ಅಜ್ಜಿಯ ಪಕ್ಕದಲ್ಲಿ ನನ್ನನ್ನೇ ನೋಡುತ್ತಿದ್ದಳು. ಅಪ್ಪ ಹಿಂತಿರುಗಿ ನೋಡಲಿಲ್ಲ.

“ಹೂಂ ಪಿಳ್ಳಮ್ಮ. ನಾನೇ ಕಳಿಸಿದ್ದು.”

ಇಲ್ಲ ಅಜ್ಜಿ, ಅಪ್ಪನಿಗೆ ಗೊತ್ತೇ ಇರಲಿಲ್ಲ ಎಂಬ ಒಂದು ಮಾತು ನನ್ನ ನಾಲಿಗೆ ತುದಿಯಲ್ಲೇ ಇತ್ತು. ಹೇಳಲಿಲ್ಲ. ಬೈಸಿಕೊಳ್ಳುವುದು ತಪ್ಪಿತಲ್ಲ ಎಂದು ಒಳಗೊಳಗೇ ಉಸಿರು ಬಿಟ್ಟೆ. ನಾಚಿಕೆಗೆಟ್ಟ ಹಾಗೆ ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ. ಪಿಳ್ಳಮ್ಮ ಎದ್ದು ಅಪ್ಪನ ಕಾಲ ಬುಡಕ್ಕೆ ಉಗಿದು ಬಾಗಿಲು ಹಾಕಿಕೊಂಡಳು.

ಅಪ್ಪ ಸೋತರು. ಸೋತದ್ದು ದೊಡ್ಡ ಮಾತಲ್ಲ. ಓಟಿಗಾಗಿ ಗೊತ್ತಿದ್ದೂ ರೋಗದ ಸೊಪ್ಪು ಕಳಿಸಿದವನು ಎಂಬ ಮಾತು ಊರಿಂದ ಊರಿಗೆ ಹೋಯಿತು. ಸಂಜೆ ಅಪ್ಪ ಹೋಗಿ ಕೂತರೆ ಜಗಲಿಯ ಜನ ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗುವರು. ತಮ್ಮತ್ತೆಯ ಮೇಲೆ ದೂರು ಹೇಳಲು ಯಾವ ಸೊಸೆಯೂ ಬರಲಿಲ್ಲ. ಯಾರೂ ಏನೂ ಹೇಳದಿದ್ದಮೇಲೆ ಕಾದಂಬರಿ ಬರೆಯುವುದಾದರೂ ಏನನ್ನು? ಒಂದೆರಡು ವರ್ಷ ಹಾಳೆ ಮುಂದಿಟ್ಟುಕೊಂಡು ಕೂರುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು. ನನ್ನನ್ನು ಮಾತ್ರ ಸಾಯುವವರೆಗೂ ಒಂದು ಮಾತು ಅನ್ನಲಿಲ್ಲ.

ಈಗ ಹುಳದ ಮನೆಗಳು ಊರಾಚೆ ತೋಟ ಸೇರಿವೆ. ಮನೆಯೊಳಗೆ ಗ್ರಾನೈಟು ನೆಲ, ಯಾರು ಬೇಕಾದರೂ ಬರಬಹುದು, ಯಾರೂ ಬರುವುದಿಲ್ಲ. ಪಿಳ್ಳಮ್ಮ ಹೋಗಿ ಎಷ್ಟೋ ವರ್ಷವಾಯಿತು. ಗಾಯತ್ರಿ ಚಿಂತಾಮಣಿಯಲ್ಲಿದ್ದಾಳೆ ಎಂದು ತಿಳಿದು ಹೋದ ತಿಂಗಳು ನಂಬರು ಹುಡುಕಿ ಫೋನ್ ಮಾಡಿದೆ. ಕ್ಷೇಮಸಮಾಚಾರವೆಲ್ಲ ಮುಗಿದಮೇಲೆ ಧೈರ್ಯ ಮಾಡಿ, ಆ ಸೊಪ್ಪು ಅಪ್ಪ ಕಳಿಸಿದ್ದಲ್ಲ ಕಣೇ, ಅವರಿಗೆ ಹೇಳದೆ ನಾನೇ ತಂದಿದ್ದು ಎಂದೆ.

ಅವಳು ಹೇಳಿದಳು: “ನಮ್ಮಜ್ಜಿ ಕೊನೇತನಕ ನಿಮ್ಮಪ್ಪನ ಹೆಸರೆತ್ತಿದ್ರೆ ಉಗೀತಿದ್ಲು ಕಣೇ. ಅವ್ಳು ಇದ್ದಾಗ ಹೇಳಕ್ಕಾಗ್ಲಿಲ್ವಾ ನಿಂಗೆ?”