ಹಿಂದಿನ ಹಾಸಿಗೆಯ ಕೆಳಗೆ

ಕಳೆದ ಶನಿವಾರ ಸಂಜೆ ವುಡಿನ್‌ವಿಲ್‌ನಿಂದ ಕಾರಿನಲ್ಲಿ ಡುವಾಲ್ ಕಡೆಗೆ ಹೊರಟಿದ್ದೆವು. ಮುಂದೆ ಒಂದು ಹಳೆಯ ಟ್ರಕ್ಕು ಹೊಗೆ ಬಿಡುತ್ತಾ ಹೋಗುತ್ತಿತ್ತು. ವಾಸನೆ ಒಳಗೆ ಬಂದದ್ದೇ ತಡ, ನಾನು ನನ್ನ ಕಡೆಯ ಗಾಜು ಏರಿಸಿದೆ, ಹೆಂಡತಿ ವೀಣಾ ತನ್ನ ಕಡೆಯದನ್ನು ಏರಿಸಿದಳು. ನಡುವೆ ಇದ್ದ ಮಾತು ಅಲ್ಲಿಗೇ ನಿಂತಿತು. ಹೊಗೆಯ ವಾಸನೆಗೆ ಮಾತು ನಿಲ್ಲಿಸುವ ಜನ ನಾವು. ಯಾಕೆ ಅಂತ ನಿಮಗೆ ಹೇಳಿಬಿಡುತ್ತೇನೆ.

ಹೊರಟಿದ್ದು ಪರ್ವೇಜ್ ಮನೆಗೆ, ಊಟಕ್ಕೆ. ಅವನು ಮೈಸೂರಿನವನು, ನಾನು ಬಾಗಲಕೋಟೆಯವನು. ಕೆಲಸಕ್ಕೆಂದು ಕಡಲು ದಾಟಿ ಬಂದು, ರೆಡ್ಮಂಡ್‌ನ ಒಂದೇ ಆಫೀಸಿನಲ್ಲಿ ಎದುರುಬದುರು ಕೂತು ಸ್ನೇಹಿತರಾದವರು. ನಮ್ಮ ಮೇಘಾ, ಅವನ ಮಗಳು ಸಾರಾ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ನಾವಿಬ್ಬರೂ ಸೇರಿ ಒಂದು ಹಳೇ ಮೋಟರ್‌ಹೋಮ್ ಕೊಂಡೆವು. ಒಳಗೆ ಒಲೆ, ಸಿಂಕು, ಊಟದ ಮೇಜು, ಹಿಂಬದಿಯಲ್ಲಿ ಅಗಲವಾದ ಹಾಸಿಗೆ. ಮಾರಿದ ಮುದುಕರು ಅದರ ಮೈ ಸವರಿ ಬೀಳ್ಕೊಟ್ಟದ್ದನ್ನು ನೋಡಿ, ಇಷ್ಟು ಪ್ರೀತಿಯಿಂದ ಇಟ್ಟುಕೊಂಡ ಗಾಡಿ ಕೆಟ್ಟಿರಲು ಸಾಧ್ಯವೇ ಇಲ್ಲ ಎಂದು ತೀರ್ಮಾನಿಸಿದೆವು. ಸಾಫ್ಟ್‌ವೇರಿನಲ್ಲಿ ಒಂದು ಸಾಲು ಬದಲಾದರೂ ಮತ್ತೆ ಮತ್ತೆ ಟೆಸ್ಟ್ ಮಾಡುವ ನಾವು, ಗಾಡಿಯ ಕೆಳಗೆ ಒಮ್ಮೆಯೂ ಬಗ್ಗಿ ನೋಡಲಿಲ್ಲ.

ಮೊದಲ ಪ್ರವಾಸ ಸ್ಟೀವನ್ಸ್ ಪಾಸ್ ಘಟ್ಟ ಹತ್ತಿ, ಎರಡೂ ಮನೆಯವರು ಸೇರಿ, ಲೆವನ್‌ವರ್ತ್‌ಗೆ. ಪರ್ವೇಜ್ ಓಡಿಸುತ್ತಿದ್ದ; ನಾನು ಪಕ್ಕದಲ್ಲಿ ಕೂತು, ಹೇಗೆ ಓಡಿಸಬೇಕೆಂದು ಅವನಿಗೆ ಹೇಳುತ್ತಿದ್ದೆ. ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಮಕ್ಕಳು ಹಿಂದಿನ ಹಾಸಿಗೆಯಲ್ಲಿ ಮಲಗಿದ್ದರು. ಓಡುವ ಗಾಡಿಯಲ್ಲಿ ಹಾಗೆ ಮಲಗಿಸುವುದೇ ತಪ್ಪು, ಆದರೆ ಆಗ ಅದೇ ದೊಡ್ಡ ಮಜಾ ಅನಿಸಿತ್ತು. ಮೇಘಾ ತಲೆನೋವು ಅಂದಿದ್ದಳು. ಅದನ್ನು ಘಟ್ಟದ ತಿರುವುಗಳ ಮೇಲೆ, ಬೆಳಗಿನ ಪುಳಿಯೋಗರೆಯ ಮೇಲೆ ಹಾಕಿ ಸುಮ್ಮನಾದೆವು.

ಘಟ್ಟದ ನೆತ್ತಿ ಹತ್ತಿರವಾದಾಗ ಪರ್ವೇಜನ ಹೆಂಡತಿ ಶಬಾನಾ ಹಿಂದಿನಿಂದ ಹೇಳಿದರು: "ಏಳ್ತಾನೇ ಇಲ್ಲ ಇಬ್ರೂ. ಗಾಡಿ ನಿಲ್ಸಿ."

ಊರು ಮುಟ್ಟಿದ ಮೇಲೆ ನಿಲ್ಲಿಸಿದರಾಯಿತು ಎಂದೆವು ನಾವು. ಅವರು ಎರಡನೇ ಸಲ ಹೇಳಿದ ದನಿಗೆ ಪರ್ವೇಜ್ ಗಾಡಿಯನ್ನು ಪಕ್ಕಕ್ಕೆ ಹಾಕಿದ. ಶಬಾನಾ ಇಬ್ಬರನ್ನೂ ಎಬ್ಬಿಸಿ, ಹೆಚ್ಚುಕಡಿಮೆ ಎಳೆದುಕೊಂಡೇ ಹೊರಗೆ ತಂದರು. ಸಾರಾ ವಾಂತಿ ಮಾಡಿಕೊಂಡಳು. ತಣ್ಣನೆಯ ಗಾಳಿಯಲ್ಲಿ ಒಂದಷ್ಟು ಹೊತ್ತು ಕೂತ ಮೇಲೆ ಇಬ್ಬರೂ ಚೇತರಿಸಿಕೊಂಡು ಹಿಮದಲ್ಲಿ ಆಟಕ್ಕಿಳಿದರು. ಮತ್ತೆ ವಾಂತಿಯಾಗದಿರಲೆಂದು ಉಳಿದ ದಾರಿಯುದ್ದಕ್ಕೂ, ವಾಪಸು ಬರುವಾಗಲೂ, ಶಬಾನಾ ಅವರನ್ನು ಮುಂದೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಕಿಟಕಿ ತೆರೆದಿಟ್ಟರು. ನಾವು ಗಂಡಸರು ಚಳಿ ಚಳಿ ಎಂದು ಗೊಣಗಿದೆವು.

ಆಗ ನಮ್ಮ ಕಡೆ ಹಳೆಯ ಗಾಡಿಗಳಿಗೆ ಎಮಿಷನ್ ಟೆಸ್ಟ್, ಅಂದರೆ ಹೊಗೆ ತಪಾಸಣೆ, ಕಡ್ಡಾಯ. ಅದು ಪಾಸಾಗದೆ ರಿಜಿಸ್ಟ್ರೇಷನ್ ಮುಂದುವರಿಯುತ್ತಿರಲಿಲ್ಲ. ಬೆಂಗಳೂರಿನಲ್ಲಿ ಪೆಟ್ರೋಲ್ ಬಂಕಿನ ಮೂಲೆಯ ವ್ಯಾನಿನಲ್ಲಿ, ಗಾಡಿ ಆಫ್ ಮಾಡುವುದರೊಳಗೆ ಮುಗಿದುಹೋಗುವ ಟೆಸ್ಟು ನನಗೆ ಗೊತ್ತಿದ್ದದ್ದು. ಇಲ್ಲಿ ಅಷ್ಟು ಸುಲಭವಲ್ಲ, ಮೊದಲು ಹೈವೇಯಲ್ಲಿ ಓಡಿಸಿ ಇಂಜಿನ್ ಚೆನ್ನಾಗಿ ಬಿಸಿ ಮಾಡಿಕೊಂಡು ಹೋಗಿ ಎಂದು ನಮ್ಮ ಆಫೀಸಿನವರು ಹೇಳಿದ್ದರು. ಹಾಗೇ ಮಾಡಿದೆವು. ನಾವಿಬ್ಬರೇ, ಹಾಡು ಹಾಕಿಕೊಂಡು, ಪರೀಕ್ಷೆಗೆ ಓದಿಕೊಂಡು ಹೋಗುವ ಹುಡುಗರ ಹಾಗೆ.

ನಮ್ಮ ಸರದಿ ಬಂದಾಗ ಅಲ್ಲಿನವನು ಗಾಡಿಯನ್ನೊಂದು ಸುತ್ತು ಹಾಕಿದ, ಹಿಂದೆ ಬಗ್ಗಿ ನೋಡಿದ, ಟೆಸ್ಟ್ ಮಾಡುವುದಿಲ್ಲ ಎಂದ. ಸೈಲೆನ್ಸರಿನ ಪೈಪು ನಡುವೆಯೇ ತೂತಾಗಿದೆ, ಹೊಗೆ ಅಲ್ಲೇ ಸೋರುತ್ತಿದೆ, ರಿಪೇರಿ ಮಾಡಿಸಿಕೊಂಡು ಬನ್ನಿ ಎಂದು ಮುಂದಿನ ಕಾರನ್ನು ಕರೆದ. ಫೇಲಾಗುವ ಯೋಗ್ಯತೆಯೂ ಇಲ್ಲದೆ ಹೋಯಿತಲ್ಲ ಎಂದು ನಗುತ್ತಾ ಗಾಡಿಯನ್ನು ಮೂಲೆಗೆ ತಂದು ನಿಲ್ಲಿಸಿದೆವು. ಪರ್ವೇಜ್ ಇಂಜಿನ್ ಓಡುವಂತೆ ಬಿಟ್ಟು ಕೆಳಗೆ ನೋಡಲು ಇಳಿದ. ಸದ್ದು ಹಿಂದಿನಿಂದ ಬರುತ್ತಿತ್ತು. ನಾನು ಒಳಗಿನಿಂದಲೇ ಹೋಗಿ ಹಾಸಿಗೆ ಮಡಚಿ, ಅಡಿಯ ಹಲಗೆ ಎತ್ತಿದೆ.

ಕೆಳಗೆ ನೀರಿನ ಪೈಪು ಹಾದುಹೋಗುವ ಕಡೆ ನೆಲದಲ್ಲಿ ಅಂಗೈ ಅಗಲದ ಕಿಂಡಿ. ಅದರ ಅಂಚೆಲ್ಲ ಮಸಿ. ಕೈ ಒಡ್ಡಿದೆ. ಬಿಸಿ ಗಾಳಿ ಸಣ್ಣಗೆ ಮೇಲೆ ಬರುತ್ತಿತ್ತು.

ಪರ್ವೇಜ್ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದ. ಕೇಳಿದ: "ಅವತ್ತು ಮಕ್ಳು ಇಲ್ಲೇ ಮಲ್ಗಿದ್ರಲ್ವಾ?"

ನಾನು ಹಲಗೆ ಕೆಳಗಿಟ್ಟೆ. ಅವನು ಹೋಗಿ ಇಂಜಿನ್ ಆಫ್ ಮಾಡಿ ಬಂದು ಮೆಟ್ಟಿಲ ಮೇಲೆ ಕೂತ. ಊರು ಮುಟ್ಟಿದ ಮೇಲೆ ನಿಲ್ಲಿಸಿದರಾಯಿತು ಎಂದಿದ್ದೆವಲ್ಲ, ಆ ಒಂದು ಮಾತು ಇಬ್ಬರ ನಡುವೆ ಬಂದು ಕೂತಿತ್ತು. ಗಾಡಿಯನ್ನು ಟೋ ಮಾಡಿಸಿ ಮನೆಗೆ ಬಂದೆವು.

ವೀಣಾ ಕೇಳಿ ಅಳಲಿಲ್ಲ. ಮಲಗಿದ್ದ ಮೇಘಾಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬಂದಳು. "ಅವತ್ತ ಶಬಾನಾಗ, ಮಲಕೊಳ್ಳಲಿ ಬಿಡವಾ, ಎಬ್ಬಸಬ್ಯಾಡ ಅಂದಾಕಿ ನಾನರೀ," ಎಂದಳು. ಅದಾದ ಮೇಲೆ ಆ ವಿಷಯ ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.

ಪೈಪು ಬದಲಾಯಿಸಿ, ಕಿಂಡಿ ಮುಚ್ಚಿಸಿ, ವಿಷಗಾಳಿ ಬಂದರೆ ಕೂಗುವ ಅಲಾರಂ ಹಾಕಿಸಿದೆವು. ಗಾಡಿ ಟೆಸ್ಟಿನಲ್ಲಿ ಸಲೀಸಾಗಿ ಪಾಸಾಯಿತು. ಆದರೆ ನಮ್ಮಲ್ಲಿ ಯಾರೂ ಅದರೊಳಗೆ ಮತ್ತೆ ಮಲಗಲಿಲ್ಲ. ಕೊಂಡವನಿಗೆ ಎಲ್ಲವನ್ನೂ ಹೇಳಿಯೇ ಮಾರಿದೆವು. ಮುಂದೆ ಸರ್ಕಾರ ಆ ಟೆಸ್ಟನ್ನೇ ನಿಲ್ಲಿಸಿದಾಗ ಆಫೀಸಿನಲ್ಲಿ ಎಲ್ಲರೂ ಪೀಡೆ ತೊಲಗಿತು ಅಂದರು. ನಾವಿಬ್ಬರೂ ಎದ್ದು ಕಾಫಿಗೆ ಹೋದೆವು.

ಮಕ್ಕಳಿಗೆ ಮಾತ್ರ ಏನೂ ಹೇಳಿರಲಿಲ್ಲ.

ಶನಿವಾರ ಊಟಕ್ಕೆ ಸಾರಾ ಕೂಡ ಇದ್ದಳು, ಕಾಲೇಜಿನಿಂದ ಬಂದಿದ್ದಳು; ನಮ್ಮ ಮೇಘಾ ತನ್ನ ಕಾಲೇಜಿನ ಊರಲ್ಲೇ ಉಳಿದಿದ್ದಳು. ಗೆಳತಿಯರ ಜೊತೆ ಲೆವನ್‌ವರ್ತ್‌ಗೆ ಹೊರಟಿದ್ದಾಳಂತೆ. ಹಳೇ ಗಾಡಿ ನೆನಪಾಯಿತಂತೆ.

"ಬೆಸ್ಟ್ ಸ್ಲೀಪ್ ಆಫ್ ಮೈ ಲೈಫ್, ಅಂಕಲ್," ಎಂದಳು ನಗುತ್ತಾ. "ನನಗೆ ಏಳೋಕೇ ಇಷ್ಟ ಇರ್ಲಿಲ್ಲ."

ಪರ್ವೇಜ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಶಬಾನಾ ಕೈ ಒರೆಸಿಕೊಂಡು ಮಗಳ ಪಕ್ಕದ ಕುರ್ಚಿಗೆ ಬಂದು ಕೂತರು. ನಾವೂ ಕೇಳಲಿ ಎಂದೋ ಏನೋ, ಮನೆಯ ಉರ್ದು ಬಿಟ್ಟು ಕನ್ನಡದಲ್ಲೇ ಎಲ್ಲವನ್ನೂ ಮೊದಲಿಂದ ಹೇಳಿದರು, ಒಂದನ್ನು ಬಿಟ್ಟು. ಸಾರಾ ತಟ್ಟೆ ಪಕ್ಕಕ್ಕೆ ಸರಿಸಿದಳು. "ಹು ವೋಕ್ ಅಸ್ ಅಪ್?" ಎಂದು ಕೇಳಿದಳು.

ಉತ್ತರ ಕೊಟ್ಟವಳು ವೀಣಾ.

"ನಿಮ್ಮಮ್ಮನೇ ಎಬ್ಬಿಸಿದ್ಲು ನೋಡವಾ," ಎಂದಳು. "ನಾವ್ಯಾರೂ ಅಲ್ಲ."

ವಾಪಸು ಬರುವಾಗ ಕಾರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಲು ಹೇಳಿ, ವೀಣಾ ಮೇಘಾಳಿಗೆ ಫೋನ್ ಮಾಡಿದಳು.