ಬುಚ್ಚಮ್ಮನ ಓಟ್ಸ್ ಅಂಬಲಿ

ಊರೂರು ಲೂಟಿ ಮಾಡುತ್ತಿದ್ದ ರಜಾಕಾರರಿಗೆ ಅಂಜಿ ಊರು ಬಿಟ್ಟಿದ್ದ ನಾರಾಯಣಪೇಟೆಯ ನೇಕಾರರು ಸೇನೆ ನಡೆಸಿದ ಪೊಲೀಸ್ ಕಾರ್ಯಾಚರಣೆಯ ಬಳಿಕ ಮರಳಿದಾಗ ಯಾರ ಮನೆಯಲ್ಲೂ ಹಿಡಿ ಜೋಳ ಉಳಿದಿರಲಿಲ್ಲ. ಊರಾಚೆ ಬೀಡುಬಿಟ್ಟಿದ್ದ ಸೈನಿಕರು ಹೊರಡುವಾಗ ಅವರ ಓಣಿಗೆ ಒಂದು ಚೀಲ ಓಟ್ಸ್ ಕೊಟ್ಟುಹೋದರು. ಅವಲಕ್ಕಿಯಂತೆ ಕಾಣುತ್ತಿದ್ದ ಆ ಚಪ್ಪಟೆ ಕಾಳನ್ನು ಹೇಗೆ ತಿನ್ನಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಕುದಿಸಿ ಬಾಯಿಗಿಟ್ಟ ನೇಕಾರ ಶ್ರೀರಾಮುಲು ಮುಖ ಕಿವುಚಿದ.

"ಇದು ನೂಲಿಗೆ ಹಚ್ಚೋ ಗಂಜಿ ಐತಿ, ತಿನ್ನಾಕ ಬರಂಗಿಲ್ಲ!"

ಪಕ್ಕದ ಮನೆಯ ವಿಧವೆ ಬುಚ್ಚಮ್ಮ ಸುಮ್ಮನೆ ಕೂರಲಿಲ್ಲ. ಜೋಳದ ಅಂಬಲಿ ಮಾಡಿಯೇ ಮಕ್ಕಳನ್ನು ಸಾಕಿದವಳು ಅವಳು. ಊರು ಬಿಡುವಾಗಲೂ ಎಮ್ಮೆಯನ್ನು ಬಿಟ್ಟಿರಲಿಲ್ಲ, ಹಾಗಾಗಿ ಮನೆಯಲ್ಲಿ ಮಜ್ಜಿಗೆಗೆ ಕೊರತೆಯಿರಲಿಲ್ಲ. ಸಂಜೆ ದೊಡ್ಡ ಗಡಿಗೆಗೆ ಓಟ್ಸ್ ಸುರಿದು, ಹುಳಿ ಮಜ್ಜಿಗೆ ಹಾಕಿ ಮುಚ್ಚಿಟ್ಟಳು. ಬೆಳಿಗ್ಗೆ ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ, ಜಜ್ಜಿದ ಹಸಿಮೆಣಸಿನಕಾಯಿ ಕಲಸಿ ಮೊದಲ ಬಟ್ಟಲನ್ನು ಶ್ರೀರಾಮುಲುವಿನ ಕೈಗೇ ಕೊಟ್ಟಳು.

"ಈಗ ಕುಡಿದು ನೋಡ್ರಿ ಅಣ್ಣಾ."

ಒಂದು ಗುಟುಕಿಗೇ ಅವನ ಕಣ್ಣರಳಿತು. ಬಟ್ಟಲು ಬರಿದು ಮಾಡಿ ಮತ್ತೆ ಚಾಚಿದ.

"ಇನ್ನೊಂದೀಟು ಹಾಕು ತಂಗಿ!"

ಓಣಿಗೆ ಓಣಿಯೇ ಬಟ್ಟಲು ಹಿಡಿದು ಬಂತು. ಹೊಟ್ಟೆ ತುಂಬಿದವರು ಒಬ್ಬೊಬ್ಬರಾಗಿ ಮಗ್ಗಕ್ಕೆ ಇಳಿದರು. ತಿಂಗಳುಗಟ್ಟಲೆ ಸುಮ್ಮನಿದ್ದ ಲಾಳಿಗಳು ಮನೆಮನೆಯಲ್ಲೂ ಸದ್ದು ಮಾಡತೊಡಗಿದವು. ಬರಿದಾದ ಗಡಿಗೆಯನ್ನು ಸೊಂಟಕ್ಕಿಟ್ಟುಕೊಂಡು ಬುಚ್ಚಮ್ಮ ಆ ಸದ್ದಿನ ನಡುವೆ ಎದೆಯುಬ್ಬಿಸಿ ನಡೆದಳು.