ರತ್ನಮ್ಮನ ನೆಲ್ಲಿಕಾಯಿ ಚೀಲ

ಎರಡು ವರ್ಷದ ಹಿಂದಿನ ತುಳಸಿ ಹಬ್ಬ. ಊರಿನವರೆಲ್ಲ ತುಳಸಿ ಕಟ್ಟೆಗೆ ಸಿಕ್ಕಿಸಲು ಒಂದೊಂದು ನೆಲ್ಲಿ ಕೊಂಬೆ ತಂದರೆ, ನಾನು ಕೊಂಬೆಯ ಜೊತೆಗೆ ಎರಡು ಕೆ.ಜಿ. ಬೆಟ್ಟದ ನೆಲ್ಲಿಕಾಯಿಯನ್ನೂ ತಂದೆ. ನೋಡಿದವರು ಪದ್ಮಕ್ಕನಿಗೆ ಈ ವರ್ಷ ಭಕ್ತಿ ಜಾಸ್ತಿಯಾಗಿದೆ ಎಂದುಕೊಂಡಿರಬೇಕು. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಅದು ರತ್ನಮ್ಮನ ಮೇಲಿನ ಹೊಟ್ಟೆಕಿಚ್ಚು.

ನಾನು ಬಂಗಾರಪೇಟೆಯ ಹತ್ತಿರದ ಹಳ್ಳಿಯವಳು. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತೇನೆ. ನಮ್ಮ ಮನೆಯವರು ಮುನಿವೆಂಕಟಪ್ಪ ವಯಸ್ಸಿನಲ್ಲಿ ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯ ಕೆಳಗೆ ದುಡಿದವರು. ಗಣಿ ಮುಚ್ಚಿದ ಮೇಲೆ ದಿನಾ ರೈಲು ಹತ್ತಿ ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ ಹೋಗುತ್ತಿದ್ದರು. ಆ ವರ್ಷ ಯುಗಾದಿ ಕಳೆದ ಮೇಲೆ ಅವರಿಗೆ ಸೊಂಟನೋವು ಹಿಡಿಯಿತು. ಗಣಿಯಲ್ಲಿ ಬಗ್ಗಿ ದುಡಿದ ಮೈ, ಇನ್ನೇನಾಗುತ್ತೆ ಎಂದು ಎಣ್ಣೆ ತಿಕ್ಕಿಕೊಂಡು ಕಾಲ ತಳ್ಳಿದೆವು. ಒಂದು ಬೆಳಿಗ್ಗೆ ನೀರಿನ ಬಿಂದಿಗೆ ಎತ್ತಲು ಹೋದವರು ಹಾಗೇ ಕುಸಿದು ಕೂತರು. ಬೆನ್ನುಮೂಳೆಯ ಒಂದು ಗಂಟು ಜಜ್ಜಿಹೋಗಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿ, ಮಲ್ಟಿಪಲ್ ಮೈಲೋಮಾ ಎಂದರು. ಮೂಳೆಯ ಒಳಗಿನ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್.

ವಾರಕ್ಕೊಂದು ಸಲ ಹೊಟ್ಟೆಯ ಚರ್ಮಕ್ಕೆ ಒಂದು ಇಂಜೆಕ್ಷನ್, ಮನೆಯಲ್ಲಿ ನುಂಗಲು ಮಾತ್ರೆ. ಇಂಜೆಕ್ಷನ್ನಿನ ದಿನ ಬೆಳಗಿನ ರೈಲು ಹತ್ತುತ್ತಿದ್ದೆವು. ಕೆಜಿಎಫ್‌ನ ಮಾರಿಕುಪ್ಪಂ ಕಡೆಯಿಂದ ಬರುವ ಆ ರೈಲಿನಲ್ಲಿ ನಮಗೆ ಸೀಟು ಹಿಡಿದು ಕೂತಿರುತ್ತಿದ್ದವಳೇ ರತ್ನಮ್ಮ. ನಂದಿದುರ್ಗದ ಗಣಿ ಕಾರ್ಮಿಕರ ಲೈನ್ ಮನೆಯವಳು. ಅವಳ ಗಂಡ ಆಂಜಪ್ಪ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದವರು. ಅವರಿಗೂ ಅದೇ ಕಾಯಿಲೆ, ಅದೇ ಡಾಕ್ಟರು, ಅದೇ ಇಂಜೆಕ್ಷನ್, ಅದೇ ವಾರ. ಆಸ್ಪತ್ರೆಯಲ್ಲಿ ಮೊದಲ ದಿನ ದಾರಿ ತಿಳಿಯದೆ ನಿಂತಿದ್ದಾಗ ಯಾವ ಚೀಟಿ ಯಾವ ಕಿಟಕಿಗೆ ಕೊಡಬೇಕೆಂದು ಹೇಳಿಕೊಟ್ಟವಳೂ ಅವಳೇ. ಹಾಗಾಗಿ ಮೊದಮೊದಲು ಅವಳು ನನಗೆ ಸ್ವಂತ ತಂಗಿಗಿಂತ ಹೆಚ್ಚಾಗಿದ್ದಳು.

ಕೆಡಿಸಿದ್ದು ರಿಪೋರ್ಟಿನ ಗುಡ್ಡ. ತಿಂಗಳಿಗೊಮ್ಮೆ ರಕ್ತ ತೆಗೆದು ಒಂದು ಕಾಗದ ಕೊಡುತ್ತಿದ್ದರು. ಅದರಲ್ಲಿ ಒಂದು ಗೆರೆ ಏರಿ ಇಳಿದು ಗುಡ್ಡಗಳ ಹಾಗೆ ಹೋಗಿರುತ್ತದೆ. ಎಡಗಡೆಯ ದೊಡ್ಡ ಗುಡ್ಡ ಎಲ್ಲರ ರಕ್ತದಲ್ಲೂ ಇರುವುದು. ಬಲಗಡೆ ಮೊನಚಾಗಿ ಏಳುವ ಇನ್ನೊಂದು ಗುಡ್ಡ ಕಾಯಿಲೆಯದು. ಕೆಟ್ಟ ಕಣಗಳು ಕೆಲಸಕ್ಕೆ ಬಾರದ ಒಂದೇ ಬಗೆಯ ಪ್ರೋಟೀನನ್ನು ತಯಾರಿಸಿ ತಯಾರಿಸಿ ರಕ್ತಕ್ಕೆ ಸುರಿಯುತ್ತವಂತೆ, ಅದರ ರಾಶಿ ಅದು. ಆಂಜಪ್ಪನವರು ಅದಕ್ಕೆ ಸೈನೈಡ್ ಗುಡ್ಡ ಎಂದು ಹೆಸರಿಟ್ಟರು. ಚಿನ್ನ ತೆಗೆದು ಉಳಿದ ವಿಷದ ಮಣ್ಣನ್ನು ಸುರಿದು ಸುರಿದು ಕೆಜಿಎಫ್‌ನಲ್ಲಿ ಎದ್ದಿರುವ ಗುಡ್ಡಗಳಿವೆಯಲ್ಲ, ಅವು. ಅವತ್ತಿನಿಂದ ನಾಲ್ವರ ಬಾಯಲ್ಲೂ ಅದೇ ಹೆಸರು. ಈ ಸಲ ಗುಡ್ಡ ಎಷ್ಟಿದೆ ಎಂದು ಒಬ್ಬರ ಕಾಗದವನ್ನು ಇನ್ನೊಬ್ಬರು ಇಣುಕುತ್ತಿದ್ದೆವು.

ಆಂಜಪ್ಪನವರ ಗುಡ್ಡ ಕರಗುತ್ತಾ ಬಂತು. ಮೊದಲ ತಿಂಗಳು ಅರ್ಧ, ಮುಂದಿನ ತಿಂಗಳು ಕಾಲು. ದಸರಾ ಹೊತ್ತಿಗೆ ಬಲಗಡೆ ಹುಡುಕಿದರೂ ಏನೂ ಇಲ್ಲ. ನಮ್ಮವರದು ಮೊದಲು ಸ್ವಲ್ಪ ಇಳಿದು ಹಾಗೇ ನಿಂತುಬಿಟ್ಟಿತು. ಆಂಜಪ್ಪನವರ ಗುಡ್ಡ ಪೂರ್ತಿ ಕರಗಿದ ದಿನ ರತ್ನಮ್ಮ ಖುಷಿ ತಡೆಯಲಾರದೆ ರೈಲಿನಲ್ಲಿ ಅಕ್ಕಪಕ್ಕದವರಿಗೆಲ್ಲ ಮೈಸೂರು ಪಾಕ್ ಹಂಚಿದಳು. ನನ್ನ ಕೈಗೂ ಒಂದು ತುಂಡು ಇಟ್ಟಳು. ನಾನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, ಬಂಗಾರಪೇಟೆಯಲ್ಲಿ ಇಳಿದ ಮೇಲೆ ಪ್ಲಾಟ್‌ಫಾರಂನ ನಾಯಿಗೆ ಹಾಕಿದೆ.

ಹೊಟ್ಟೆಕಿಚ್ಚು ಎಂದರೆ ಇಷ್ಟು ಬಿಸಿ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸೀರೆ, ಒಡವೆ ನೋಡಿ ಕರುಬಿದವಳಲ್ಲ ನಾನು. ಆದರೆ ಆಂಜಪ್ಪ ಪ್ಲಾಟ್‌ಫಾರಂನಲ್ಲಿ ಯಾರ ಹೆಗಲನ್ನೂ ಹಿಡಿಯದೆ ನಡೆಯುವುದನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಕೆಂಡ ಕೆದಕಿದ ಹಾಗಾಗುತ್ತಿತ್ತು. ಅವಳ ನಗು ಕೇಳಿದರೆ ಉರಿ. ಅವಳು ನಮ್ಮವರ ಬಗ್ಗೆ ಮರುಗಿ ಮಾತಾಡಿದರೆ ಇನ್ನೂ ಉರಿ. ಒಂದೇ ಕಾಯಿಲೆ, ಒಂದೇ ಔಷಧಿ, ಮತ್ತೆ ಅವಳಿಗೆ ಮಾತ್ರ ಯಾಕೆ? ಇವಳು ಮನೆಯಲ್ಲಿ ಏನೋ ಕೊಡುತ್ತಿದ್ದಾಳೆ, ನಮ್ಮಿಂದ ಮುಚ್ಚಿಡುತ್ತಿದ್ದಾಳೆ ಎಂದು ತೀರ್ಮಾನಿಸಿಬಿಟ್ಟೆ. ನೂರಾರು ಮಕ್ಕಳಿಗೆ ಬೇಯಿಸಿ ಬಡಿಸುವ ಕೈ ನನ್ನದು. ಗಂಡನನ್ನು ಉಣಿಸಿ ಉಳಿಸಿಕೊಳ್ಳುವುದರಲ್ಲಿ ಅವಳು ನನ್ನನ್ನು ಮೀರಿಸುವುದೇ?

ಹಾಗೆ ಅವಳ ಮೇಲೆ ಕಣ್ಣಿಟ್ಟಿದ್ದಾಗಲೇ ಗುಟ್ಟು ಸಿಕ್ಕಿತು. ಸಿಕ್ಕಿತು ಎಂದುಕೊಂಡೆ. ವಾಪಸ್ ಬರುವಾಗ ಗಂಡನನ್ನು ರೈಲಿನಲ್ಲೇ ಮುಂದಕ್ಕೆ ಕಳಿಸಿ, ಅವಳು ನಮ್ಮ ಜೊತೆ ಬಂಗಾರಪೇಟೆಯಲ್ಲಿ ಇಳಿಯತೊಡಗಿದಳು. ಮಾರ್ಕೆಟ್ಟಿನಲ್ಲಿ ಕೆಲಸ ಇದೆ ಎಂದಳೇ ಹೊರತು ಏನು ಕೆಲಸ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವರನ್ನು ಆಟೋದಲ್ಲಿ ಕೂರಿಸಿ, ಸೊಪ್ಪು ತರುತ್ತೇನೆಂದು ಸುಳ್ಳು ಹೇಳಿ ಅವಳ ಹಿಂದೆಯೇ ಹೋದೆ. ಅವಳು ಒಂದು ಅಂಗಡಿಯ ಮುಂದೆ ಕೂತು, ಬೆಟ್ಟದ ನೆಲ್ಲಿಕಾಯಿಯನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ತುಂಬಿಸುತ್ತಿದ್ದಳು. ಮಾರನೆಯ ವಾರವೂ ನೆಲ್ಲಿಕಾಯಿ, ಅದರ ಮಾರನೆಯ ವಾರವೂ ನೆಲ್ಲಿಕಾಯಿ.

ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಏನು ರತ್ನಮ್ಮ, ಇಷ್ಟೊಂದು ಯಾಕೆ ಎಂಬ ನಾಲ್ಕು ಮಾತು. ಆದರೆ ಅವಳ ಮುಂದೆ ಕೈ ಚಾಚಿ ಕೇಳುವುದು ನನ್ನಿಂದಾಗದು ಎನ್ನಿಸಿತು. ಗುಟ್ಟನ್ನು ಕದ್ದು ತಂದು ಅವಳಿಗಿಂತ ಚೆನ್ನಾಗಿ ಮಾಡಿ ತೋರಿಸಬೇಕೆಂಬ ಛಲ.

ತುಳಸಿ ಹಬ್ಬದ ಮಾರನೆಯ ದಿನದಿಂದ ಶುರು ಮಾಡಿದೆ. ದಿನಾ ಬೆಳಿಗ್ಗೆ ಹತ್ತಾರು ಕಾಯಿ ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಒಂದು ಲೋಟ ರಸ. ಖಾಲಿ ಹೊಟ್ಟೆಗೆ ಅದನ್ನು ಕುಡಿಯುವಾಗ ಇವರು ಮುಖ ಹಿಂಡಿಕೊಳ್ಳುತ್ತಿದ್ದರು. ಇಂಜೆಕ್ಷನ್ನಿನ ದಿನ ಮಾತ್ರ ಎರಡು ಲೋಟ, ಔಷಧಿಗೆ ಬಲ ಬರಲಿ ಎಂದು. ಏನು ಕೊಡುವುದಿದ್ದರೂ ನಮ್ಮನ್ನು ಕೇಳಿ ಕೊಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನೆಲ್ಲಿಕಾಯಿ ಏನು ಔಷಧಿಯೇ, ಬರೀ ಕಾಯಿ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಂಕ್ರಾಂತಿ ಕಳೆದು ಬಂದ ರಿಪೋರ್ಟನ್ನು ಕೈಯಲ್ಲಿ ಹಿಡಿದಾಗ ನನಗೆ ಡಾಕ್ಟರು ಬಾಯಿ ಬಿಡುವ ಮೊದಲೇ ಅರ್ಥವಾಯಿತು. ಬಲಗಡೆಯ ಗುಡ್ಡ ಮೊದಲ ದಿನದಷ್ಟೇ ಎತ್ತರ ಎದ್ದಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎಂದೂ ಗದರಿದವಳಲ್ಲ. ಬೇರೆ ಏನಾದರೂ ತಗೊಳ್ತಿದ್ದೀರಾ ಎಂದು ಇವರನ್ನು ಕೇಳಿದಳು. ನಾನು ಇಲ್ಲ ಎನ್ನುವಷ್ಟರಲ್ಲಿ ಇವರು, "ಬೇರೆ ಏನೂ ಇಲ್ಲಮ್ಮ. ಇವ್ಳು ದಿನಾ ನೆಲ್ಲಿಕಾಯಿ ರಸ ಕುಡಿಸ್ತಾಳೆ, ಅಷ್ಟೇಯಾ" ಎಂದುಬಿಟ್ಟರು.

ಆಕೆ ಪೆನ್ನು ಕೆಳಗಿಟ್ಟು ಒಂದು ಕಾಗದದ ಮೇಲೆ ಗುಂಡಗೆ ಒಂದು ಕಣ ಬರೆದು ತೋರಿಸಿದಳು. ಈ ಕಣ ಹಗಲೂ ರಾತ್ರಿ ಪ್ರೋಟೀನು ಮಾಡುತ್ತಲೇ ಇರುತ್ತದೆ, ಹಾಗಾಗಿ ಇದರೊಳಗೆ ಕಸವೂ ಬಹಳ. ಕಸವನ್ನು ಪುಡಿ ಮಾಡಲು ಒಳಗೇ ಒಂದು ಗಿರಣಿ ಇದೆ. ನಮ್ಮ ಇಂಜೆಕ್ಷನ್ ಆ ಗಿರಣಿಗೆ ಸಿಕ್ಕಿಕೊಂಡು ಅದನ್ನು ನಿಲ್ಲಿಸುತ್ತದೆ, ಕಣ ತನ್ನ ಕಸದಲ್ಲೇ ಉಸಿರು ಕಟ್ಟಿ ಸಾಯುತ್ತದೆ. ನೆಲ್ಲಿಕಾಯಲ್ಲಿ ಸಿ ವಿಟಮಿನ್ ಹೆಚ್ಚು. ಅದು ಇಂಜೆಕ್ಷನ್ನಿನ ಔಷಧಿಯನ್ನು ದಾರಿಯಲ್ಲೇ ಹಿಡಿದಿಟ್ಟುಕೊಂಡು ಗಿರಣಿಯ ತನಕ ಹೋಗಲು ಬಿಡದೇ ಇರಬಹುದು. ಚಿತ್ರಾನ್ನಕ್ಕೆ ಒಂದು ಕಾಯಿ ತುರಿದು ಹಾಕಿದರೆ ಭಯವಿಲ್ಲ, ಹೀಗೆ ಲೋಟಗಟ್ಟಲೆ ಬೇಡ ಎಂದಳು.

ಹಾಗಾದರೆ ನಾನೇ ಮಾಡಿದೆನಾ ಎಂದು ಕೇಳಿದೆ. ಆಕೆ ಗೊತ್ತಿಲ್ಲ ಎಂದಳು. ನೀವು ರಸ ಕೊಡುವ ಮೊದಲೇ ಇಳಿಯುವುದು ನಿಂತಿತ್ತಲ್ಲ. ಮಜ್ಜೆಯಲ್ಲಿರುವ ಕೆಟ್ಟ ಕಣಗಳೆಲ್ಲ ಒಂದೇ ಥರದವಲ್ಲ. ಕೆಲವು ಗಿರಣಿಯ ಅಚ್ಚನ್ನೇ ಬದಲಾಯಿಸಿಕೊಳ್ಳುತ್ತವೆ, ಔಷಧಿ ಅದಕ್ಕೆ ಹೊಂದುವುದಿಲ್ಲ. ಕೆಲವು ಕಸವನ್ನು ಬೇರೆ ಕಡೆಯಿಂದ ಸಾಗಿಸುತ್ತವೆ. ಕೆಲವು ಮಜ್ಜೆಯ ಒಳ್ಳೆಯ ಕಣಗಳಿಗೆ ಅಂಟಿಕೊಂಡು ಅವುಗಳಿಂದಲೇ ಆಹಾರ ಪಡೆದು ಬದುಕಿಕೊಳ್ಳುತ್ತವೆ. ಔಷಧಿ ತನಗೆ ಬಗ್ಗುವಂಥವನ್ನು ಕೊಲ್ಲುತ್ತದೆ, ಬಗ್ಗದವು ಉಳಿದು ಸಂತಾನ ಬೆಳೆಸುತ್ತವೆ. ಒಬ್ಬೊಬ್ಬರ ಮೂಳೆಯಲ್ಲಿ ಒಂದೊಂದು ಥರ.

ನಾನು ಅಳುತ್ತಿದ್ದರೆ ಇವರು ತಲೆಯಾಡಿಸಿ, "ಗಣಿ ಇದ್ದಂಗೆ ಅನ್ನಿ ಡಾಕ್ಟ್ರಮ್ಮ. ಒಂದ್ಕಡೆ ಮುಚ್ಚುದ್ರೆ ಇನ್ನೊಂದ್ಕಡೆ ದಾರಿ ಕೊರ್ಕೊಂತಾವೆ" ಎಂದರು. ಆಕೆ ಹೌದು ಎಂದು ನಕ್ಕಳು. ಆಮೇಲೆ ಔಷಧಿ ಬದಲಾಯಿಸಿ ಬರೆದುಕೊಟ್ಟಳು.

ವಾಪಸ್ ಬರುವ ರೈಲಿನಲ್ಲಿ ರತ್ನಮ್ಮ ಎಂದಿನಂತೆ ನಮಗೆ ಜಾಗ ಬಿಟ್ಟು ಸರಿದು ಕೂತಳು. ನನಗೆ ಇಷ್ಟೂ ದಿನದ ಉರಿ ಒಟ್ಟಿಗೇ ಬಾಯಿಗೆ ಬಂತು. ನಿನ್ನ ಗಂಡನಿಗೆ ಚೀಲಗಟ್ಟಲೆ ನೆಲ್ಲಿಕಾಯಿ ಹಿಂಡಿ ಕುಡಿಸಿದರೂ ಗುಡ್ಡ ಕರಗುತ್ತೆ, ನಾನು ಕುಡಿಸಿದರೆ ಏಳುತ್ತೆ, ಅದೇನು ಹಾಕಿ ಕೊಟ್ಟೆ ಹೇಳು ಎಂದು ಜನರ ಮುಂದೆಯೇ ಕೂಗಾಡಿದೆ. ಅವಳಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಾಯಿಗೆ ಸೆರಗು ಮುಚ್ಚಿಕೊಂಡಳು.

"ಅಯ್ಯೋ ಅಕ್ಕ, ಅದು ಮಾರಕ್ಕೆ ಕಣಕ್ಕ. ನಮ್ಮೋರು ಮೂಟೆ ಒರೋದು ಬಿಟ್ಟ್ಮ್ಯಾಕೆ ಇಸ್ಕೂಲ್ ಗೇಟ್ ತಾವ ಉಪ್ಪು ಖಾರ ಆಕಿ ಮಾರ್ತೀನಿ. ಅವ್ರ್ಗೆ ಉಳಿ ಅಂದ್ರೆ ಆಗಾಕಿಲ್ಲ, ಒಂದ್ ಕಾಯೂ ಮುಟ್ಟಿಲ್ಲ" ಎಂದಳು. ಆಂಜಪ್ಪ ಪಕ್ಕದಲ್ಲಿ ಕೂತು ಹೌದು ಎಂಬಂತೆ ತಲೆಯಾಡಿಸಿದರು. ಶಾಲೆಯ ಮುಂದೆ ನಿಂತು ಮಾರುವುದನ್ನು ಹೇಳಿಕೊಳ್ಳಲು ಅವಳಿಗೆ ಸಂಕೋಚವಾಗಿತ್ತಂತೆ. ನನಗೆ ರೈಲಿನಿಂದ ಧುಮುಕಿಬಿಡೋಣ ಎನ್ನಿಸಿತು. ಬಂಗಾರಪೇಟೆ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ.

ಅಷ್ಟಕ್ಕೇ ನನಗೆ ಬುದ್ಧಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಹೊಸ ಔಷಧಿಗೆ ನಮ್ಮವರ ಗುಡ್ಡ ಇಳಿಯತೊಡಗಿತು. ಮಳೆಗಾಲದ ಹೊತ್ತಿಗೆ ಇವರು ಕೋಲಿಲ್ಲದೆ ಸ್ಟೇಷನ್ನಿನ ಮೆಟ್ಟಿಲು ಹತ್ತಿದರು. ನಾನು ರತ್ನಮ್ಮನ ಜೊತೆ ಮಾತಾಡುತ್ತಿದ್ದೆ, ನಗುತ್ತಿದ್ದೆ, ಆದರೆ ಲೆಕ್ಕದ ಮಾತು, ಲೆಕ್ಕದ ನಗು. ಆಮೇಲೆ ಗಣೇಶನ ಹಬ್ಬ ಮುಗಿದ ವಾರ ಆಂಜಪ್ಪನವರ ರಿಪೋರ್ಟು ಬಂತು. ವರ್ಷದಿಂದ ನೆಲಸಮವಾಗಿದ್ದ ಜಾಗದಲ್ಲಿ ಮತ್ತೆ ಮೊನಚಾದ ಗುಡ್ಡ. ಎಲ್ಲೋ ಬಗ್ಗದೆ ಉಳಿದಿದ್ದ ಕೆಲವು ಕಣಗಳು ಇಷ್ಟು ದಿನ ಸದ್ದಿಲ್ಲದೆ ಬೆಳೆದಿದ್ದವು.

ಆ ಕಾಗದ ನೋಡಿದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಬಿಸಿಲಲ್ಲಿ ಬಂದವರಿಗೆ ತಣ್ಣನೆಯ ಮಜ್ಜಿಗೆ ಕುಡಿದಾಗ ಆಗುತ್ತದಲ್ಲ, ಆ ಹಿತ. ಒಂದೇ ಒಂದು ಗಳಿಗೆ. ಆದರೆ ಆಯಿತು. ಅದನ್ನು ನಾನು ದೇವರ ಮುಂದೆಯೂ ಹೇಳಿಕೊಂಡಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ವಾಪಸ್ ಬರುವ ರೈಲಿನಲ್ಲಿ ರತ್ನಮ್ಮ ಕಾಗದ ಮಡಚಿಕೊಂಡು ನನ್ನ ಕಡೆ ತಿರುಗಿದಳು. ಅವಳ ಕಣ್ಣು ನಮ್ಮವರ ಕಾಲ ಮೇಲೆ ನಿಂತಿತ್ತು. ಕೋಲಿಲ್ಲದ ಆ ಕಾಲನ್ನು ಅವಳು ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ವರ್ಷ ನಾನೂ ಅವಳ ಗಂಡನ ಕಾಲನ್ನು ಹಾಗೇ ನೋಡಿದ್ದೆ. ಈಗ ಇವಳೂ ಉರಿಯಲಿ ಎಂದುಕೊಳ್ಳುವಷ್ಟರಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು.

"ಅಕ್ಕ, ನಿಂಗೆ ಸುಳ್ಳೇಳಲ್ಲ. ನಿಮ್ಮೋರು ನಡ್ಯೋದ್ ನೋಡುದ್ರೆ ನಂಗೆ ಒಟ್ಟೆ ಉರೀತೈತೆ. ನಿಮ್ಮೋರ್ಗೆ ಯಾವ ಔಸ್ದಿ ಕೊಟ್ರು, ಏನ್ ತಿನ್ನಿಸ್ದೆ, ಎಲ್ಲಾ ಏಳಕ್ಕ. ನಾನೂ ಡಾಕ್ಟ್ರ ತಾವ ಕೇಳ್ತೀನಿ" ಎಂದಳು.

ನಾನು ಮಾತ್ರೆಯ ಖಾಲಿ ಪಟ್ಟಿಗಳನ್ನು, ಚೀಟಿಗಳನ್ನು, ಎಲ್ಲ ರಿಪೋರ್ಟುಗಳನ್ನು ಚೀಲದಿಂದ ತೆಗೆದು ಅವಳ ಮಡಿಲಿಗೆ ಹಾಕಿದೆ. ಬಂಗಾರಪೇಟೆ ಬಂದರೂ ಇಳಿಯಲಿಲ್ಲ. ಕೆಜಿಎಫ್ ತನಕ ಅವಳ ಜೊತೆಯೇ ಹೋಗಿ, ಒಂದೊಂದನ್ನೂ ಓದಿ ಹೇಳಿದೆ. ಮುಂದಿನ ವಾರ ಡಾಕ್ಟರು ಆಂಜಪ್ಪನವರಿಗೆ ಬರೆದದ್ದು ನಮ್ಮವರ ಔಷಧಿಯನ್ನಲ್ಲ, ಬೇರೆಯದನ್ನು. ಒಬ್ಬೊಬ್ಬರ ಮೂಳೆಯಲ್ಲಿ ಒಂದೊಂದು ಥರ. ಈಗಲೂ ಇಬ್ಬರ ಗುಡ್ಡವೂ ಒಂದು ತಿಂಗಳು ಏರುತ್ತದೆ, ಒಂದು ತಿಂಗಳು ಇಳಿಯುತ್ತದೆ. ಈಗಲೂ ಬೆಳಗಿನ ರೈಲಿನಲ್ಲಿ ಅವಳು ನಮಗೆ ಸೀಟು ಹಿಡಿದಿರುತ್ತಾಳೆ.

ನನ್ನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. ನಾನು ತಿಂಗಳುಗಟ್ಟಲೆ ನುಂಗಿಕೊಂಡು, ಗಂಡನ ಪ್ರಾಣವನ್ನೇ ಪಣಕ್ಕಿಟ್ಟರೂ ಬಾಯಿಬಿಟ್ಟು ಕೇಳಲಾರದೆ ಹೋದದ್ದನ್ನು ಅವಳು ಒಂದೇ ಉಸಿರಿಗೆ ಕೇಳಿಬಿಟ್ಟಳಲ್ಲ, ಆ ಬಾಯಿಯನ್ನು ಕಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.